ಭಾವನ ಗಾಣ ಗೂಗಲ್‌ನಲ್ಲಿ ಯಾಕೆ ಸಿಗುತ್ತಿರಲಿಲ್ಲ

ತುಮಕೂರಿನ ಗುಬ್ಬಿ ಗೇಟ್ ಹತ್ತಿರ ನಮ್ಮ ಭಾವನದ್ದೊಂದು ಮರದ ಗಾಣ ಇದೆ. ಕೊಬ್ಬರಿ ತಿಪಟೂರಿಂದ ಬರುತ್ತದೆ, ಕಡ್ಲೆಕಾಯಿ ಪಾವಗಡದ ಕಡೆಯಿಂದ. ವೆಬ್‌ಸೈಟೂ ಇದೆ. ಆದರೆ ಗೂಗಲ್‌ನಲ್ಲಿ ಹುಡುಕಿದರೆ ಊರಿನವರ ಗಾಣವೆಲ್ಲ ಬರುತ್ತದೆ, ಇವರದ್ದು ಮಾತ್ರ ಇಲ್ಲ. ಮೊದಲ ಪೇಜಿಗೆ ತಂದುಕೊಡ್ತೀನಿ ಅಂದ ಯಾರಿಗೋ ಆರು ತಿಂಗಳಿಂದ ದುಡ್ಡು ಬೇರೆ ಕಟ್ಟುತ್ತಿದ್ದರು. ಅವರು ತಿಂಗಳಿಗೊಂದು ಬಣ್ಣಬಣ್ಣದ ರಿಪೋರ್ಟ್ ಕಳಿಸಿದರು, ಗಿರಾಕಿ ಕಳಿಸಲಿಲ್ಲ.

"ನೀನು ದಿನಾ ಕಂಪ್ಯೂಟರ್ ಮುಂದೆ ಕೂತಿರ್ತೀಯಲ್ಲ, ಒಂಚೂರು ನೋಡಪ್ಪ" ಅಂದರು ಭಾವ. ನಾನು ಕೂತಿರುವುದು ಲೆಕ್ಕ ಬರೆಯೋಕೆ. ಹೇಳಿದರೆ ಯಾರು ಕೇಳ್ತಾರೆ?

ಭಾನುವಾರ ಬೆಳಿಗ್ಗೆ ಕೂತೆ. ಗೂಗಲ್‌ನಲ್ಲಿ ಇಂಗ್ಲಿಷಿನಲ್ಲಿ ಸೈಟ್ ಅಂತ ಬರೆದು ಕೋಲನ್ ಹಾಕಿ, ಜಾಗ ಬಿಡದೆ ವೆಬ್‌ಸೈಟಿನ ವಿಳಾಸ ಕೊಟ್ಟರೆ, ಆ ಸೈಟಿನ ಯಾವ್ಯಾವ ಪೇಜು ಅದರ ಪಟ್ಟಿಯಲ್ಲಿದೆ ಅಂತ ತೋರಿಸುತ್ತದೆ. ಒಂದೂ ಬರಲಿಲ್ಲ. ಅಂದರೆ ಹತ್ತನೇ ಪೇಜಿನಲ್ಲಿ ಬಿದ್ದಿರುವುದಲ್ಲ, ಪಟ್ಟಿಯಲ್ಲೇ ಇಲ್ಲ. ಸೈಟ್ ಕಟ್ಟಿರುವುದು ವರ್ಡ್‌ಪ್ರೆಸ್ ಅನ್ನುವ ಸಾಫ್ಟ್‌ವೇರಿನಲ್ಲಿ, ಅದರ ಒಳಗೆ ಹೋಗಿ ಸೆಟ್ಟಿಂಗ್ಸ್‌ನಲ್ಲಿ ರೀಡಿಂಗ್ ತೆಗೆದೆ. ಕೆಳಗೆ ಒಂದು ಪುಟ್ಟ ಚೌಕ. ಗೂಗಲ್‌ನಂಥ ಸರ್ಚ್ ಇಂಜಿನ್‌ಗಳಿಗೆ ಈ ಸೈಟನ್ನು ಪಟ್ಟಿಗೆ ಸೇರಿಸಬೇಡಿ ಅಂತ ಹೇಳುವ ಚೌಕ ಅದು. ಅದರಲ್ಲಿ ಟಿಕ್! ಸೈಟ್ ಕಟ್ಟುವಾಗ ಅರ್ಧಂಬರ್ಧ ಪೇಜು ಹೊರಗೆ ಕಾಣಬಾರದು ಅಂತ ಹಾಕಿರುತ್ತಾರೆ, ಮುಗಿದ ಮೇಲೆ ತೆಗೆಯಬೇಕು. ಯಾರೂ ತೆಗೆದಿರಲಿಲ್ಲ.

"ಅಂದ್ರೆ ನಾವೇ ಬರಬೇಡಿ ಅಂತ ಬೋರ್ಡ್ ಹಾಕ್ಕೊಂಡು ಕೂತಿದ್ವಾ?" ಅಂದರು ಭಾವ. ಅಕ್ಕ ಒಳಗಿಂದಲೇ ಆರು ತಿಂಗಳ ದುಡ್ಡಿನ ಲೆಕ್ಕ ಹೇಳಿದಳು.

ಟಿಕ್ ತೆಗೆದೆ. ಆಮೇಲೆ ನೋಡಿದರೆ ಎಣ್ಣೆಗಳ ಪೇಜಿನಲ್ಲಿ ಒಂದಕ್ಷರವನ್ನೂ ಸೆಲೆಕ್ಟ್ ಮಾಡೋಕೆ ಆಗುತ್ತಿಲ್ಲ. ಪೂರ್ತಿ ಪೇಜೇ ಒಂದು ಫೋಟೋ. ಡಿಟಿಪಿ ಅಂಗಡಿಯವರು ಪಾಂಪ್ಲೆಟ್ಟಿಗೆ ನುಡಿ ಅನ್ನುವ ಕನ್ನಡ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದರಂತೆ, ಅದು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಕ್ಷರ ಅಲ್ಲವಲ್ಲ, ವೆಬ್‌ಸೈಟಿಗೆ ಪೇಸ್ಟ್ ಮಾಡಿದರೆ ಕನ್ನಡದ ಬದಲು ಏನೇನೋ ಚಿಹ್ನೆ ಬಂದಿವೆ, ಅದಕ್ಕೇ ಫೋಟೋ ಮಾಡಿ ಅಂಟಿಸಿಬಿಟ್ಟಿದ್ದಾರೆ. ನೋಡೋಕೆ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆದರೆ ಗೂಗಲ್ ಓದೋಕೆ ಪೇಜಿನಲ್ಲಿ ಕೊಬ್ಬರಿ ಎಣ್ಣೆ ಅನ್ನುವ ಪದವೇ ಅಕ್ಷರದ ರೂಪದಲ್ಲಿ ಇರಲಿಲ್ಲ.

ಊಟ ಆದ ಮೇಲೆ ಭಾವ ಹೇಳುತ್ತಾ ಹೋದರು, ನಾನು ಹೊಸದಾಗಿ ಟೈಪ್ ಮಾಡುತ್ತಾ ಹೋದೆ. ಒಂದು ಲೀಟರ್ ಕಡ್ಲೆಕಾಯಿ ಎಣ್ಣೆಗೆ ಎರಡು, ಎರಡೂವರೆ ಕೆಜಿ ಬೀಜ ಬೇಕು, ಅದಕ್ಕೇ ಈ ರೇಟು, ಇಂಥವು. ಜನ ಜಾಸ್ತಿ ಕೇಳೋದು ಏನು ಅಂದೆ. "ನಮ್ಮ ಕೊಬ್ಬರಿ ತಂದ್ರೆ ಆಡಿಸಿ ಕೊಡ್ತೀರಾ ಅಂತ." ಅದು ಸೈಟಿನಲ್ಲಿ ಎಲ್ಲೂ ಇರಲಿಲ್ಲ! ಅದಕ್ಕೇ ಒಂದು ಪೇಜು ಮಾಡಿದೆ. ಊರಿನ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್ 2014ರಲ್ಲೇ ಬದಲಾದರೂ ಜನ ಹಳೇ ತುಮ್ಕೂರ್ ಸ್ಪೆಲ್ಲಿಂಗನ್ನೇ ಟೈಪ್ ಮಾಡುತ್ತಾರೆ, ನಾನೂ ಹಾಗೇ. ಎರಡನ್ನೂ ಒಂದೊಂದು ಸಲ ಬರೆದೆ. ಕೊನೆಗೆ ಗೂಗಲ್‌ನವರು ಸೈಟಿನ ಮಾಲೀಕರಿಗೆ ಅಂತ ಇಟ್ಟಿರುವ ಸರ್ಚ್ ಕನ್ಸೋಲ್‌ನಲ್ಲಿ ಸೈಟ್‌ಮ್ಯಾಪ್, ಅಂದರೆ ಸೈಟಿನ ಪೇಜುಗಳ ಪಟ್ಟಿ, ಕೊಟ್ಟು ಸಂಜೆ ಟ್ರೇನ್ ಹಿಡಿದೆ.

ಒಂಬತ್ತನೇ ದಿನ ನೋಡಿದರೆ ಪಟ್ಟಿಯಲ್ಲಿ ನಾಲ್ಕು ಪೇಜು. ಮೊದಲ ಸ್ಥಾನ ಗೀನ ಏನೂ ಇಲ್ಲ, ಸುಮ್ನೆ ಹೇಳಬಾರದು. ಅದರ ಮಾರನೇ ವಾರ ಭಾವನ ಫೋನ್. ಕೊರಟಗೆರೆಯಿಂದ ಯಾರೋ ಗೂಗಲ್‌ನಲ್ಲಿ ನೋಡಿ ಮಾಡಿದ್ದರಂತೆ, ಎರಡು ಚೀಲ ಕೊಬ್ಬರಿ ಇದೆ, ಆಡಿಸಿದ ಮೇಲೆ ಹಿಂಡಿ ನಮಗೇ ವಾಪಸ್ ಕೊಡ್ತೀರಾ ಅಂತ ಕೇಳಿದರಂತೆ.

"ಕೊಡ್ತೀವಿ ಅಂದೆ. ಅದನ್ನೂ ಒಂದು ಲೈನ್ ಹಾಕಿಬಿಡಪ್ಪ."