ಕೊಳೆತ ಮೊಟ್ಟೆಯ ವಾಸನೆ

2020ರ ನವೆಂಬರ್ 17ರಂದು ರಾಜ್ಯದ ಪದವಿ ಕಾಲೇಜುಗಳು ಮತ್ತೆ ಬಾಗಿಲು ತೆರೆದವು. ನಮ್ಮ ರಸಾಯನಶಾಸ್ತ್ರ ಪ್ರಯೋಗಾಲಯಕ್ಕೆ ಮೊದಲ ವಾರ ಬಂದವರು ಆರೇ ಜನ, ಎಲ್ಲರೂ ಅಂತಿಮ ಬಿ.ಎಸ್ಸಿ.ಯವರು. ಕೈಯಲ್ಲಿ ಕೋವಿಡ್ ನೆಗೆಟಿವ್ ವರದಿ, ಮುಖಕ್ಕೆ ಮಾಸ್ಕ್. ಮಾರ್ಚ್‌ನಲ್ಲಿ ಕಾಲೇಜು ಮುಚ್ಚಿದ ಮೇಲೆ ನಾಲ್ಕನೇ ಸೆಮಿಸ್ಟರನ್ನು ಮೊಬೈಲಿನಲ್ಲೇ ದಡ ಸೇರಿಸಿದವರು.

ಆ ಸೆಮಿಸ್ಟರಿಗೆ ಪರೀಕ್ಷೆಯೇ ನಡೆಯಲಿಲ್ಲ. ಅರ್ಧ ಅಂಕ ಆಂತರಿಕ ಮೌಲ್ಯಮಾಪನದಿಂದ, ಇನ್ನರ್ಧ ಹಿಂದಿನ ಸೆಮಿಸ್ಟರಿನಿಂದ. ಆಂತರಿಕ ಅಂಕ ಕೊಟ್ಟವನು ನಾನೇ. ಮೂವರು ಮಕ್ಕಳಿಗೆ ಒಂದೇ ಮೊಬೈಲ್ ಇದ್ದ ಮನೆಗಳು ಗೊತ್ತಿದ್ದುದರಿಂದ ಕೈ ಬಿಗಿಹಿಡಿಯಲು ಮನಸ್ಸಾಗಲಿಲ್ಲ. ಅಂಕಪಟ್ಟಿಯನ್ನೇ ನಂಬುವುದಾದರೆ ಅಷ್ಟು ಜಾಣ ತರಗತಿ ನನಗೆ ಅದುವರೆಗೆ ಸಿಕ್ಕಿರಲಿಲ್ಲ.

ಆ ದಿನ ಸಾಲ್ಟ್ ಅನಾಲಿಸಿಸ್, ಅಂದರೆ ಕೊಟ್ಟ ಲವಣದಲ್ಲಿ ಏನೇನಿದೆ ಎಂದು ಪತ್ತೆಹಚ್ಚುವ ಪ್ರಯೋಗ. ಸಲ್ಫೈಡಿಗೆ ಸಾರರಿಕ್ತ ಆಮ್ಲ ಹಾಕಿದರೆ ಏನಾಗುತ್ತದೆ ಎಂದು ಕೇಳಿದೆ. ಮುಂದಿದ್ದ ಹುಡುಗಿ ಒಂದೇ ಉಸಿರಿನಲ್ಲಿ ಹೇಳಿದಳು: "ಹೈಡ್ರೋಜನ್ ಸಲ್ಫೈಡ್ ಬರುತ್ತದೆ ಸರ್, ಕೊಳೆತ ಮೊಟ್ಟೆಯ ವಾಸನೆ, ಲೆಡ್ ಅಸಿಟೇಟ್ ಕಾಗದ ಕಪ್ಪಾಗುತ್ತದೆ." ಆನ್‌ಲೈನ್ ತರಗತಿಯಲ್ಲಿ ನಾನು ಹೇಳಿಕೊಟ್ಟ ವಾಕ್ಯ, ಒಂದಕ್ಷರ ಆಚೀಚೆಯಿಲ್ಲ.

ಐದು ನಿಮಿಷದ ನಂತರ ಅವಳೇ ಕಿಟಕಿಯ ಕಡೆ ತಿರುಗಿ ಮುಖ ಕಿವುಚಿದಳು. "ಸರ್, ಹೊರಗೆ ಚರಂಡಿ ತೆಗೆಯುತ್ತಿದ್ದಾರೆ ಅನಿಸುತ್ತದೆ. ಕಿಟಕಿ ಮುಚ್ಚಲೇ?"

ಅವಳ ಕೈಯಲ್ಲಿದ್ದ ಪ್ರನಾಳವನ್ನು ತೋರಿಸಿದೆ. ಮಾಸ್ಕಿನ ಮೇಲಿನ ಕಣ್ಣುಗಳು ದೊಡ್ಡದಾದವು. ಪಕ್ಕದಲ್ಲಿದ್ದ ಹುಡುಗನಿಗೆ ಬೇರೆಯೇ ದಿಗಿಲು: ಅವನಿಗೆ ಏನೂ ವಾಸನೆ ಬಂದಿರಲಿಲ್ಲ, ಆ ವರ್ಷ ಅದರ ಅರ್ಥ ಎಲ್ಲರಿಗೂ ಗೊತ್ತಿತ್ತು. ನೋಡಿದರೆ ಪುಣ್ಯಾತ್ಮ ಎರಡು ಮಾಸ್ಕ್ ಹಾಕಿದ್ದ.

ಆನ್‌ಲೈನ್ ಪಾಠವೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತು ಎಂದರೆ ಸುಳ್ಳಾಗುತ್ತದೆ. ಅರಿಶಿನದ ನೀರಿಗೆ ಸುಣ್ಣ ಬೆರೆಸಿ ಎಂದಾಗ ಪರದೆಯ ತುಂಬ ಲೋಟಗಳು ಕೆಂಪಾಗಿದ್ದವು. ಆರತಿಯ ನೀರು ಕೆಂಪಾಗುವುದು ಇದರಿಂದಲೇ ಎಂದು ಒಬ್ಬರ ಅಜ್ಜಿ ಹಿಂದಿನಿಂದ ಪಾಠ ಮಾಡಿದ್ದರು. ಅಡುಗೆಮನೆಯಲ್ಲಿ ಸಿಗುವಷ್ಟು ರಸಾಯನಶಾಸ್ತ್ರ ಅವರಿಗೆ ಚೆನ್ನಾಗಿಯೇ ಬಂದಿತ್ತು.

ಸಾರೀಕೃತ ಆಮ್ಲ ಅಡುಗೆಮನೆಯಲ್ಲಿ ಸಿಗುವುದಿಲ್ಲವಲ್ಲ. ಮಧ್ಯಾಹ್ನ ನೈಟ್ರೇಟ್ ಇದೆಯೆಂದು ತೋರಿಸುವ ಕಂದು ಉಂಗುರದ ಪರೀಕ್ಷೆಗೆ ಆ ಹುಡುಗಿ ಆಮ್ಲವನ್ನು ಒಮ್ಮೆಗೇ ಸುರಿದಳು. ಪ್ರನಾಳ ಬಿಸಿಯಾಯಿತು, ಉಂಗುರ ಮೂಡಲಿಲ್ಲ. ಮೊಣಕೈ ಹಿಡಿದು ಪ್ರನಾಳವನ್ನು ಓರೆ ಮಾಡಿಸಿದೆ. ಈ ಸಲ ಆಮ್ಲ ಗೋಡೆಯ ಗುಂಟ ಹನಿಹನಿಯಾಗಿ ಇಳಿದು ತಳದಲ್ಲಿ ನಿಂತಿತು. ಎರಡು ದ್ರವಗಳು ಸೇರುವಲ್ಲಿ ತೆಳುವಾದ ಕಂದು ಗೆರೆ ಕಟ್ಟಿತು.

"ಫೋಟೊ ತೆಗೆಯಲೇ ಸರ್?" ಎಂದಳು.

"ತೆಗೆ. ಆಮೇಲೆ ಅದನ್ನು ಚೆಲ್ಲಿ, ನಾನಿಲ್ಲದೆ ಇನ್ನೊಮ್ಮೆ ಮಾಡು."