ನ್ಯೂಟ್ರಾನ್ ನಕ್ಷತ್ರದ ಒಳಗನ್ನು ಕಂಡವರು ಯಾರು?

ನ್ಯೂಟ್ರಾನ್ ನಕ್ಷತ್ರದ ಒಳಗೆ ಏನಿರಬಹುದೆಂದು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ ನೋಡುವುದು ನನ್ನ ಕೆಲಸ. ಅದನ್ನು ಹೇಳಿದ ಕೂಡಲೇ ಬರುವ ಪ್ರಶ್ನೆ ಇದು: "ಅಲ್ಲಿಗೆ ಯಾರೂ ಹೋಗಿ ನೋಡಿಲ್ಲವಲ್ಲ, ಕಂಪ್ಯೂಟರ್ ತೋರಿಸಿದ್ದನ್ನು ಹೇಗೆ ನಂಬ್ತೀರಿ?" ಕೇಳಲೇಬೇಕಾದ ಪ್ರಶ್ನೆ.

ದೊಡ್ಡ ನಕ್ಷತ್ರವೊಂದು ಸಿಡಿದ ಮೇಲೆ ಉಳಿಯುವ ದಟ್ಟ ತಿರುಳೇ ನ್ಯೂಟ್ರಾನ್ ನಕ್ಷತ್ರ. ಅದರ ಗಟ್ಟಿ ಹೊರಚಿಪ್ಪಿನ ತಳದಲ್ಲಿ ಒಂದು ಘನ ಸೆಂಟಿಮೀಟರ್ ವಸ್ತು ಸುಮಾರು 10 ಕೋಟಿ ಟನ್ ತೂಗುತ್ತದೆ. ನ್ಯೂಕ್ಲಿಯಸ್‌ಗಳು ಒಂದಕ್ಕೊಂದು ತಾಗುವಷ್ಟು ಒತ್ತಿಕೊಂಡಿರುತ್ತವೆ. ಹತ್ತಿರದ ಕಣಗಳನ್ನು ಬೈಜಿಕ ಬಲ ಸೆಳೆದುಕೊಳ್ಳುತ್ತದೆ, ಪ್ರೋಟಾನುಗಳು ದೂರದಿಂದಲೂ ಒಂದನ್ನೊಂದು ತಳ್ಳುತ್ತವೆ. ಈ ಜಗ್ಗಾಟದಲ್ಲಿ ದುಂಡಗಿನ ನ್ಯೂಕ್ಲಿಯಸ್‌ಗಳು ಕೂಡಿ ಎಳೆಗಳಾಗುತ್ತವೆ, ಇನ್ನೂ ಒತ್ತಿದರೆ ಎಳೆಗಳು ಹಾಳೆಗಳಾಗುತ್ತವೆ. 1983ರಲ್ಲಿ ರೇವನ್‌ಹಾಲ್, ಪೆಥಿಕ್ ಮತ್ತು ವಿಲ್ಸನ್ ಇದನ್ನು ಲೆಕ್ಕ ಹಾಕಿ ತೋರಿಸಿದರು. ಈಗ ಎಲ್ಲರೂ ಕರೆಯುವುದು ನ್ಯೂಕ್ಲಿಯರ್ ಪಾಸ್ತಾ ಎಂದು. ಮನೆಯಲ್ಲಿ ಹೇಳುವಾಗ ನಾನು ಉಂಡೆ, ಶ್ಯಾವಿಗೆ, ಒಂದರ ಮೇಲೊಂದು ಇಟ್ಟ ಹಪ್ಪಳ ಅನ್ನುತ್ತೇನೆ.

ಸಿಮ್ಯುಲೇಶನ್‌ನಲ್ಲಿ, ಅಂದರೆ ಕಂಪ್ಯೂಟರಿನೊಳಗೆ ನಡೆಸುವ ಪ್ರಯೋಗದಲ್ಲಿ, ನಮಗಿರುವುದು ಒಂದು ಪೆಟ್ಟಿಗೆ. ಒಳಗೆ, ಉದಾಹರಣೆಗೆ, 51,200 ಪ್ರೋಟಾನು-ನ್ಯೂಟ್ರಾನುಗಳು. ಉಷ್ಣತೆ ಸುಮಾರು 1,160 ಕೋಟಿ ಕೆಲ್ವಿನ್. ಬಲಗೋಡೆ ದಾಟಿದ ಕಣ ಎಡಗೋಡೆಯಿಂದ ಒಳಗೆ ಬರುತ್ತದೆ. ಪೆಟ್ಟಿಗೆಯನ್ನು ನಿಧಾನವಾಗಿ ಹಿಗ್ಗಿಸುತ್ತಾ ಹೋದರೆ ಒಂದೇ ಮುದ್ದೆಯಂತಿದ್ದದ್ದರಲ್ಲಿ ಮೊದಲು ತೂತುಗಳು ಕಾಣುತ್ತವೆ. ತೂತುಗಳು ಒಂದರೊಳಗೊಂದು ಬೆರೆತು ಮುದ್ದೆ ಹಾಳೆಹಾಳೆಯಾಗಿ ಬಿಡುತ್ತದೆ. ಆಮೇಲೆ ಹಾಳೆ ಹರಿದು ಎಳೆ, ಎಳೆ ತುಂಡಾಗಿ ಉಂಡೆ.

ಇದಿಷ್ಟನ್ನೇ ನೋಡಿ ನಂಬಬಾರದು. ಸಣ್ಣ ಪೆಟ್ಟಿಗೆಯಲ್ಲಿ ಹಾಳೆಗಳು ಗೆರೆ ಹಾಕಿದ ಹಾಗೆ ನೆಟ್ಟಗೆ ನಿಲ್ಲುತ್ತವೆ. ಮೊದಲ ಸಲ ಕಂಡಾಗ ನನಗೆ ಎಷ್ಟು ಖುಷಿಯಾಗಿತ್ತು! ಆದರೆ ಹಾಗೆ ನಿಲ್ಲಿಸಿದ್ದು ಭೌತಶಾಸ್ತ್ರವಲ್ಲ, ಪೆಟ್ಟಿಗೆಯ ಗೋಡೆ. ಪೆಟ್ಟಿಗೆ ದೊಡ್ಡದಾದರೆ ಹಾಳೆಗಳು ಓರೆಯಾಗುತ್ತವೆ, ಹಾಳೆಯಿಂದ ಹಾಳೆಗೆ ಮಾಲ್‌ಗಳ ಪಾರ್ಕಿಂಗ್‌ನಲ್ಲಿರುವಂಥ ಸುರುಳಿ ಇಳಿಜಾರುಗಳು ಹುಟ್ಟುತ್ತವೆ. ನಮ್ಮ ಜೀವಕೋಶದೊಳಗಿನ ಪೊರೆಗಳಲ್ಲಿ 2013ರಲ್ಲಿ ಕಂಡುಬಂದದ್ದೂ ಇದೇ ಆಕಾರ! ಹಾಗಾಗಿ ಪೆಟ್ಟಿಗೆಯ ಅಳತೆ ಬದಲಿಸುತ್ತೇವೆ, ಕಣಗಳನ್ನು ಬೇರೆ ಬೇರೆ ರೀತಿ ಚೆಲ್ಲಿ ಶುರುಮಾಡುತ್ತೇವೆ, ಹಿಗ್ಗಿಸಿದ್ದನ್ನು ಮತ್ತೆ ಕುಗ್ಗಿಸಿ ನೋಡುತ್ತೇವೆ. ಹೋಗುವಾಗ ಆಕಾರ ಬದಲಾದ ಸಾಂದ್ರತೆಯಲ್ಲೇ ಬರುವಾಗಲೂ ಬದಲಾಗಬೇಕೆಂದಿಲ್ಲ, ಆ ಅಂತರವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇಷ್ಟೆಲ್ಲ ಆದ ಮೇಲೂ ಉಳಿದುಕೊಂಡದ್ದನ್ನು ಮಾತ್ರ ನಾನು ನಂಬುತ್ತೇನೆ.

ಆಕಾಶದಿಂದಲೂ ಒಂದು ಸುಳಿವಿದೆ. 2013ರಲ್ಲಿ ಪೋನ್ಸ್, ವಿಗಾನೊ ಮತ್ತು ರೇಯಾ ಒಂದು ಪ್ರಶ್ನೆ ಎತ್ತಿದರು: ಒಂಟಿ ಎಕ್ಸ್-ರೇ ಪಲ್ಸಾರ್‌ಗಳು (ತಿರುಗುತ್ತಾ ಎಕ್ಸ್-ರೇ ಮಿಡಿತ ಕಳಿಸುವ ನ್ಯೂಟ್ರಾನ್ ನಕ್ಷತ್ರಗಳು) ಒಂದು ಸುತ್ತಿಗೆ 12 ಸೆಕೆಂಡಿಗಿಂತ ಹೆಚ್ಚು ತೆಗೆದುಕೊಳ್ಳುವುದು ಈವರೆಗೆ ಏಕೆ ಕಂಡಿಲ್ಲ? ಚಿಪ್ಪಿನ ತಳದಲ್ಲಿ ವಿದ್ಯುತ್ತನ್ನು ಸರಿಯಾಗಿ ಹರಿಯಬಿಡದ ಪದರವಿದ್ದರೆ, ತಿರುಗುವ ವೇಗವನ್ನು ಕುಗ್ಗಿಸುವ ಕಾಂತಕ್ಷೇತ್ರ ಕರಗುತ್ತದೆ, ಆಗ ನಕ್ಷತ್ರದ ವೇಗ ಕುಗ್ಗುವುದೂ ನಿಲ್ಲುತ್ತದೆ. ಆ ಪದರ ಪಾಸ್ತಾ ಇರಬಹುದೆಂಬುದು ಅವರ ವಾದ. ಪುರಾವೆ ಎನ್ನಲಾರೆ.

ನನ್ನ ಅಳುಕು ಬೇರೆ ಕಡೆ ಇದೆ. ಇಂಥ ಎಷ್ಟೋ ಲೆಕ್ಕಗಳಲ್ಲಿ ನೂರಕ್ಕೆ 40 ಪ್ರೋಟಾನುಗಳಿರುತ್ತವೆ. ನಿಜವಾದ ಚಿಪ್ಪಿನ ತಳದಲ್ಲಿ ಅವು ನೂರಕ್ಕೆ ಕೆಲವೇ. ಪ್ರಮಾಣ ಅಲ್ಲಿಗೆ ಇಳಿದಾಗ ಯಾವ ಆಕಾರ ಉಳಿಯುತ್ತದೆ, ಯಾವುದು ಕರಗಿಹೋಗುತ್ತದೆ? ನನ್ನನ್ನು ಕಾಡುವ ಪ್ರಶ್ನೆ ಅದು.