ಮುರುಗಲು ಹಾಕಿದ ಪೇರಳೆ ಗಮ್ಮಿ

ಡಿಸೆಂಬರ್ ರಜೆ ಶುರುವಾದ ದಿನ ಮಗಳು ಗೆಳತಿಯ ಹುಟ್ಟುಹಬ್ಬದಿಂದ ಒಂದು ಪುಟ್ಟ ಪೊಟ್ಟಣ ತಂದಳು. ಒಳಗೆ ಕರಡಿಮರಿ ಆಕಾರದ ಗಮ್ಮಿಗಳು. ಕೆಂಪು, ಹಳದಿ, ಹಸಿರು. ಒಂದನ್ನು ಆಗಲೇ ಬಾಯಿಗೆ ಹಾಕಿಕೊಂಡು ಖುಷಿಯಿಂದ ಅಗಿಯುತ್ತಿದ್ದಳು. ನಾನು ಪೊಟ್ಟಣ ತಿರುಗಿಸಿ ನೋಡಿದೆ. ಸಕ್ಕರೆ, ಗ್ಲೂಕೋಸ್ ಸಿರಪ್, ಜೆಲಟಿನ್, ಆಮೇಲೆ ಬಣ್ಣಗಳ ನಂಬರು. ಮೇಲೆ ಸ್ಟ್ರಾಬೆರಿ, ಕಿತ್ತಳೆ ಚಿತ್ರ ದೊಡ್ಡದಾಗಿತ್ತು. ಪಟ್ಟಿಯಲ್ಲಿ ಹಣ್ಣು ಎಲ್ಲೂ ಇರಲಿಲ್ಲ. ಮೂಲೆಯಲ್ಲಿ ಮಾಂಸಾಹಾರದ ಕಂದು ಗುರುತೂ ಇತ್ತು, ಯಾಕೆಂದರೆ ಜೆಲಟಿನ್ ಅಂದರೆ ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆಯುವ ಅಂಟು. ನಮ್ಮ ಮನೆಯಲ್ಲಿ ಮೊಟ್ಟೆಯನ್ನೂ ತರುವುದಿಲ್ಲ.

ಕೈಯಿಂದ ಕಿತ್ತುಕೊಳ್ಳಲು ಮನಸ್ಸು ಬರಲಿಲ್ಲ. "ಉಳಿದಿದ್ದು ಇಡು ಪುಟ್ಟಿ, ನಾನೇ ಮಾಡಿಕೊಡ್ತೇನೆ" ಅಂದೆ. ಏಳು ವರ್ಷದ ಮಕ್ಕಳು ಇಂಥ ಮಾತು ಮರೆಯುವುದಿಲ್ಲ. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಎದ್ದವಳೇ "ಅಮ್ಮಾ, ಗಮ್ಮಿ?" ಅಂತ ಅಡುಗೆಮನೆಗೆ ಬಂದು ನಿಂತಳು.

ನಮ್ಮ ಊರು ಕುಮಟಾ. ಗೋವಾದ ಮಾಪುಸಾಕ್ಕೆ ಬಂದು ಒಂಬತ್ತು ವರ್ಷವಾಯಿತು. ಪ್ರತಿ ಬೇಸಿಗೆಯಲ್ಲಿ ಆಯಿ ಮುರುಗಲು ಅನ್ನುವ ಹುಳಿ ಹಣ್ಣಿನ ಸಿಪ್ಪೆ ಒಣಗಿಸಿ ಕಳಿಸುತ್ತಾಳೆ. ಇಲ್ಲಿಯವರು ಅದನ್ನು ಸೊಲಾಂ ಅನ್ನುತ್ತಾರೆ, ಮಂಗಳೂರು ಕಡೆಯವರಿಗೆ ಪುನರ್ಪುಳಿ. ಅಂಗಡಿಯದ್ದಕ್ಕೆ ಎಷ್ಟೋ ಸಲ ಉಪ್ಪು ಹಾಕಿರುತ್ತಾರೆ, ಆಯಿಯದ್ದಕ್ಕೆ ಉಪ್ಪಿಲ್ಲ. ಬಿಸಿನೀರಲ್ಲಿ ನೆನೆಸಿದರೆ ಎಷ್ಟು ಚೆಂದದ ಕೆಂಪು ಬಿಡುತ್ತದೆ ಗೊತ್ತಲ್ವಾ? ಇಂಥ ಬಣ್ಣ ಡಬ್ಬಿಯಲ್ಲಿ ಇರುವಾಗ ನಂಬರಿನ ಬಣ್ಣ ಯಾಕೆ ಬೇಕು ಅನ್ನಿಸಿತು.

ಜೆಲಟಿನ್ ಬದಲು ಚೀನಾ ಗ್ರಾಸ್ ತಂದೆ. ಅದು ಕಡಲಪಾಚಿಯಿಂದ ತೆಗೆಯುವ ವಸ್ತು. ಅಂಗಡಿಯಲ್ಲಿ ಬಿಳಿ ಎಳೆಗಳ ಹಾಗೆ ಸಿಗುತ್ತದೆ. ಮುರುಗಲ ನೀರು, ಸಕ್ಕರೆ, ಚೀನಾ ಗ್ರಾಸ್ ಮೂರನ್ನೂ ಒಂದೇ ಪಾತ್ರೆಗೆ ಹಾಕಿ ಚೆನ್ನಾಗಿ ಕುದಿಸಿದೆ. ತಟ್ಟೆಗೆ ಸುರಿದೆ. ಅರ್ಧ ಗಂಟೆ ಆಯಿತು, ಒಂದು ಗಂಟೆ ಆಯಿತು, ಫ್ರಿಜ್‌ನಲ್ಲಿಟ್ಟೆ, ಆದರೂ ಅದು ಗಂಜಿಯ ಹಾಗೆ ಅಲ್ಲಾಡುತ್ತಲೇ ಇತ್ತು. ಮಗಳು ಹತ್ತು ನಿಮಿಷಕ್ಕೊಮ್ಮೆ ಫ್ರಿಜ್ ಬಾಗಿಲು ತೆಗೆದು ನೋಡುತ್ತಿದ್ದಳು. ಅವಳ ಮುಖ ನೋಡಿ ನನಗೆ ಸಂಕಟವಾಯಿತು.

ತಪ್ಪು ಹುಳಿಯದ್ದು. ಹುಳಿಯ ಜೊತೆ ಕುದಿಸಿದರೆ ಚೀನಾ ಗ್ರಾಸ್‌ನ ಕಟ್ಟುವ ಶಕ್ತಿ ಒಡೆದುಹೋಗುತ್ತದೆ. ಅದನ್ನು ಬರೀ ನೀರಲ್ಲಿ ಪೂರ್ತಿ ಕರಗುವ ತನಕ ಕುದಿಸಿ, ಒಲೆ ಆರಿಸಿ, ಆಮೇಲೆ ಬೆಚ್ಚಗಿನ ಹುಳಿರಸ ಸೇರಿಸಬೇಕು. ರಸ ತಣ್ಣಗಿದ್ದರೂ ಕಷ್ಟ, ಯಾಕೆಂದರೆ ಸುಮಾರು 40 ಡಿಗ್ರಿಗೆ ಇಳಿಯುವ ಹೊತ್ತಿಗೆ ಚೀನಾ ಗ್ರಾಸ್ ಹೆಪ್ಪುಗಟ್ಟಲು ಶುರುಮಾಡುತ್ತದೆ, ಸೌಟು ಆಡಿಸುವಷ್ಟರಲ್ಲಿ ಗಂಟುಗಂಟಾಗಿ ಬಿಡುತ್ತದೆ. ಎರಡನೇ ಸಲ ಹಾಗೇ ಮಾಡಿದೆ. ಗಟ್ಟಿಯಾಯಿತು, ಕತ್ತರಿಸಲೂ ಬಂತು. ಅದರ ಒಂದು ಒಳ್ಳೆಯ ಗುಣವೆಂದರೆ ಒಮ್ಮೆ ಕಟ್ಟಿದ ಮೇಲೆ ಸುಮಾರು 85 ಡಿಗ್ರಿ ಬಿಸಿಯಾಗುವ ತನಕ ಕರಗುವುದಿಲ್ಲ. ಗೋವಾದ ಸೆಕೆಯಲ್ಲಿ ಹೊರಗಿಟ್ಟರೂ ನೀರಾಗುವುದಿಲ್ಲ. ಆದರೆ ಮಗಳು ಕಚ್ಚಿ ನೋಡಿ, "ಇದು ಜೆಲ್ಲಿ ಅಮ್ಮಾ, ಗಮ್ಮಿ ಅಲ್ಲ. ಎಳೆಯೋಕೆ ಬರಲ್ಲ" ಅಂದಳು. ನಿಜ. ಹಲ್ಲಿಗೆ ಸಿಕ್ಕ ಕೂಡಲೇ ಪಟ್ಟನೆ ಮುರಿಯುತ್ತಿತ್ತು. ರಾತ್ರಿ ನೋಡಿದರೆ ತಟ್ಟೆಯ ತುಂಬ ನೀರು ಬಿಟ್ಟುಕೊಂಡಿತ್ತು.

ಪಕ್ಕದ ಮನೆ ಆಂಟಿಗೆ ಎಪ್ಪತ್ತು ದಾಟಿದೆ. ಕ್ರಿಸ್‌ಮಸ್ ಹತ್ತಿರ ಬಂದಿದ್ದರಿಂದ ಅವರ ಮನೆಯಲ್ಲಿ ಬೆಳಗಿನಿಂದ ರಾತ್ರಿ ತನಕ ತಿಂಡಿಯ ಕೆಲಸ. ದೋದೋಲ್, ನೆವ್ರಿ, ಬೆಬಿಂಕಾ. ಬಾಗಿಲಲ್ಲೇ ನಿಂತು ನನ್ನ ಕತೆ ಕೇಳಿದವರು ಒಳಗೆ ಹೋಗಿ ಒಂದು ತುಂಡು ತಂದು ಕೈಗಿಟ್ಟರು. ಕಡು ಕಂದುಗೆಂಪು ಬಣ್ಣ, ಮೇಲೆ ಸಕ್ಕರೆ ಪುಡಿ. ಬಾಯಿಗೆ ಹಾಕಿದೆ. ಮೆತ್ತಗೆ ಬಾಗಿತು, ಎಳೆಯಿತು, ನಿಧಾನವಾಗಿ ಕರಗಿತು. ಅದು ಪೆರಾದ್. ಪೇರಳೆ ಹಣ್ಣಿನ ಮಿಠಾಯಿ, ಪೋರ್ಚುಗೀಸರ ಕಾಲದಿಂದ ಬಂದದ್ದು. "ಇದಕ್ಕೆ ಯಾವ ಪುಡಿ ಹಾಕ್ತೀರಿ ಆಂಟಿ?" ಅಂತ ನನ್ನ ಅರೆಬರೆ ಕೊಂಕಣಿಯಲ್ಲಿ ಕೇಳಿದೆ. "ಪುಡಿ ಯಾಕೆ? ಪೇರಳೆಯೇ ಕಟ್ಟುತ್ತದೆ. ಸಕ್ಕರೆ, ಸ್ವಲ್ಪ ನಿಂಬೆರಸ, ಕೈಗೆ ಬಲ, ಅಷ್ಟೇ" ಅಂದರು.

ಒಂಬತ್ತು ವರ್ಷದಿಂದ ಪ್ರತಿ ಕ್ರಿಸ್‌ಮಸ್‌ಗೆ ಅವರು ಕೊಟ್ಟ ತಟ್ಟೆಯಲ್ಲಿ ಇದನ್ನು ತಿಂದಿದ್ದೇನೆ. ನಾನು ಹುಡುಕುತ್ತಿದ್ದ ಗಮ್ಮಿ ಇದೇ ಅಂತ ಆವತ್ತೇ ಹೊಳೆದದ್ದು.

ಮರುದಿನ ಮಾಪುಸಾದ ಶುಕ್ರವಾರದ ಸಂತೆ. ಆಂಟಿ ಹೇಳಿದ ಹಾಗೆ ಆರಿಸಿದೆ. ತುಂಬಾ ಕಳಿತದ್ದು ಬೇಡ. ಮುಕ್ಕಾಲು ಪಾಲು ಹದವಾಗಿ ಹಣ್ಣಾದದ್ದು, ಕಾಲು ಪಾಲು ಇನ್ನೂ ಗಟ್ಟಿ ಇರುವುದು. ಹಣ್ಣನ್ನು ಕಟ್ಟುವ ಪೆಕ್ಟಿನ್ ಅನ್ನುವ ಅಂಶ ದೋರೆಗಾಯಿಯಲ್ಲಿ ಜಾಸ್ತಿ, ಹಣ್ಣಾಗುತ್ತಾ ಹೋದ ಹಾಗೆ ಅದು ಒಡೆದು ಕಡಿಮೆಯಾಗುತ್ತದೆ. ಕಿಲೋ ತೂಗಿಸಿಕೊಂಡೆ.

ಮನೆಗೆ ಬಂದು ಹಣ್ಣು ಹೆಚ್ಚಿ, ಮುಳುಗುವಷ್ಟು ನೀರು ಹಾಕಿ ಬೇಯಿಸಿದೆ. ಜರಡಿಯಲ್ಲಿ ಉಜ್ಜಿ ಬೀಜ ಬೇರೆ ಮಾಡುವ ಕೆಲಸ ಮಗಳದ್ದು. ಮೊಣಕೈ ತನಕ ಮೆತ್ತಿಕೊಂಡು, ನಾಲಗೆ ಹೊರಗೆ ಹಾಕಿಕೊಂಡು, ಅಷ್ಟು ಗಮನ ಕೊಟ್ಟು ಉಜ್ಜಿದಳು. ತಿರುಳು ಅಳೆದರೆ ನಾಲ್ಕು ಲೋಟ ಬಂತು. ಆಂಟಿ ಸಮಸಮ ಸಕ್ಕರೆ ಹಾಕುತ್ತಾರೆ. ನಾನು ಮೂರು ಲೋಟ ಹಾಕಿದೆ. ಇದಕ್ಕಿಂತ ಜಾಸ್ತಿ ಇಳಿಸಲು ಧೈರ್ಯ ಬರಲಿಲ್ಲ, ಯಾಕೆಂದರೆ ಇಲ್ಲಿ ಸಕ್ಕರೆ ಬರೀ ಸಿಹಿಗಲ್ಲ, ನೀರನ್ನು ತನ್ನ ಕಡೆ ಹಿಡಿದಿಟ್ಟುಕೊಂಡು ಪೆಕ್ಟಿನ್ ಒಂದಕ್ಕೊಂದು ಅಂಟಿಕೊಳ್ಳುವ ಹಾಗೆ ಮಾಡುವುದೇ ಅದು.

ಹುಳಿಗೆ ಮಾತ್ರ ನಿಂಬೆಯ ಬದಲು ಮುರುಗಲು ಹಾಕಿದೆ. ಹದಿನೈದು ಸಿಪ್ಪೆ ಅರ್ಧ ಲೋಟ ಬಿಸಿನೀರಲ್ಲಿ ನೆನೆಸಿ, ಹಿಂಡಿ, ಸೋಸಿದ ನೀರು. ಹಾಕುವಾಗ ಕೈ ಒಂದು ಗಳಿಗೆ ನಿಂತಿತು. ನಿನ್ನೆ ಎಲ್ಲ ಕೆಡಿಸಿದ್ದು ಇದೇ ನೀರು. ಆದರೆ ಪೆಕ್ಟಿನ್‌ನ ಸ್ವಭಾವ ಬೇರೆ. ಅದಕ್ಕೆ ಹುಳಿ ಬೇಕು, ಹುಳಿ ಸಾಲದಿದ್ದರೆ ಅದು ಸರಿಯಾಗಿ ಕಟ್ಟುವುದೇ ಇಲ್ಲ. ಸುರಿದ ಕೂಡಲೇ ಮಾಸಲು ತಿರುಳು ಗುಲಾಬಿ ಬಣ್ಣಕ್ಕೆ ತಿರುಗಿತು. ಮಗಳು ಚಪ್ಪಾಳೆ ತಟ್ಟಿದಳು.

ಆಮೇಲೆ ಮಗುಚುವುದು. ದಪ್ಪ ತಳದ ಬಾಣಲೆ, ಮರದ ಸಟ್ಟುಗ, ಸಣ್ಣ ಉರಿ. ಅರ್ಧ ಗಂಟೆ ಆದ ಮೇಲೆ ತಿರುಳು ಪಕ್ ಪಕ್ ಅಂತ ಸಿಡಿಯುತ್ತದೆ, ಮಕ್ಕಳನ್ನು ದೂರ ನಿಲ್ಲಿಸಲೇಬೇಕು, ನನ್ನ ಮುಂಗೈಗೆ ಎರಡು ಕಡೆ ಬೊಬ್ಬೆ ಬಂತು. ಕೈ ಬಿಟ್ಟರೆ ತಳ ಹಿಡಿಯುತ್ತದೆ. ಐವತ್ತು ನಿಮಿಷದ ಹೊತ್ತಿಗೆ ಅದು ಬಾಣಲೆ ಬಿಟ್ಟು ಸಟ್ಟುಗದ ಜೊತೆ ಒಂದೇ ಮುದ್ದೆಯಾಗಿ ತಿರುಗತೊಡಗಿತು. ಹೋಳಿಗೆಯ ಹೂರಣ ತಿರುಗಿಸಿದವರಿಗೆ ಈ ಹದ ಹೇಳಿಕೊಡಬೇಕಿಲ್ಲ. ಒಂದು ಚಮಚ ತುಪ್ಪ ಹಾಕಿ, ತುಪ್ಪ ಸವರಿದ ತಟ್ಟೆಗೆ ಸುರಿದು, ಬಟ್ಟಲಿನ ತಳದಿಂದ ತಟ್ಟಿದೆ.

ರಾತ್ರಿಯಿಡೀ ತೆಳು ಬಟ್ಟೆ ಮುಚ್ಚಿ ಇಟ್ಟೆ. ಮಳೆಗಾಲದಲ್ಲಾಗಿದ್ದರೆ ಅಂಟಂಟಾಗುತ್ತಿತ್ತೋ ಏನೋ, ಡಿಸೆಂಬರ್ ಗಾಳಿಗೆ ಮೇಲ್ಭಾಗ ಚೆನ್ನಾಗಿ ಒಣಗಿತ್ತು. ಕತ್ತರಿಸಿದರೆ ಅಂಚು ಗಾಜಿನ ಹಾಗೆ ಹೊಳೆಯಿತು. ಮಾಣಿಕ್ಯದ ಕೆಂಪು! ಮಗಳು ಒಂದನ್ನು ಎರಡೂ ಕೈಯಲ್ಲಿ ಹಿಡಿದು ಮೊದಲು ಬಗ್ಗಿಸಿ ನೋಡಿದಳು, ಆಮೇಲೆ ಕಚ್ಚಿ ಎಳೆದಳು. ಏನೂ ಹೇಳಲಿಲ್ಲ. ಎರಡನೆಯದಕ್ಕೆ ಕೈ ಚಾಚಿದಳು.

ಇದೂ ಸಿಹಿ ತಿಂಡಿಯೇ, ಸಕ್ಕರೆ ಕಡಿಮೆಯೇನಿಲ್ಲ. ಹಾಗಾಗಿ ದಿನಕ್ಕೆ ಎರಡು ತುಂಡು ಅಂತ ಮಾಡಿಕೊಂಡಿದ್ದೇವೆ. ಆದರೆ ಇದರಲ್ಲಿ ಏನೇನಿದೆ ಅಂತ ಕೇಳಿದರೆ ನನ್ನ ಏಳು ವರ್ಷದ ಮಗಳು ಪೇರಳೆ, ಸಕ್ಕರೆ, ಮುರುಗಲು, ತುಪ್ಪ ಅಂತ ಬೆರಳು ಮಡಚಿ ಎಣಿಸುತ್ತಾಳೆ. ನನಗೆ ಬೇಕಿದ್ದದ್ದು ಅದೇ.

ಆಂಟಿಗೆ ಒಂದು ಡಬ್ಬಿ ಕೊಟ್ಟು ಬಂದಳು. ಅವರು ನಿಧಾನವಾಗಿ ಅಗಿದು, ಕಣ್ಣು ಮುಚ್ಚಿ, "ಸೊಲಾಂ ಹಾಕಿದ್ದಾಳಾ ನಿನ್ನ ಅಮ್ಮ?" ಅಂತ ಕೇಳಿದರಂತೆ. ಸಂಜೆ ಅವರೇ ಖಾಲಿ ಡಬ್ಬಿ ಹಿಡಿದು ಬಂದರು. ಆಯಿ ಕಳಿಸಿದ್ದರಲ್ಲಿ ಉಳಿದಿದ್ದು ಎರಡು ಹಿಡಿ ಸಿಪ್ಪೆ. ಒಂದು ಹಿಡಿ ಅವರ ಡಬ್ಬಿಗೆ ಹಾಕಿಕೊಟ್ಟೆ.